ತನ್ನ ಉತ್ಸಾಹವನ್ನೇ ನಂಬದ ಮಹಾಸಭೆ

ಚರ್ಚ್ ಆಫ್ ಸ್ಕಾಟ್ಲೆಂಡ್‌ನ ಜನರಲ್ ಅಸೆಂಬ್ಲಿ ಒಂದು ದೊಡ್ಡ ಕಾನೂನು ಮಾಡಬೇಕೆಂದರೆ ಕಡಿಮೆಯೆಂದರೂ ಎರಡು ಮೇ ತಿಂಗಳು ಬೇಕು. ಮೊದಲ ಮೇ ತಿಂಗಳಲ್ಲಿ ಅಸೆಂಬ್ಲಿ ‘ಹೀಗೆ ಮಾಡಬಹುದೇನೋ’ ಎಂದಷ್ಟೇ ಹೇಳುತ್ತದೆ. ಆ ಮಾತು ದೇಶವನ್ನೆಲ್ಲ ಸುತ್ತಿ ಬರಬೇಕು. ಎರಡನೆಯ ಮೇ ಬರುವಷ್ಟರಲ್ಲಿ ಕುರ್ಚಿಗಳಲ್ಲಿ ಬಹುಪಾಲು ಬೇರೆಯವರು ಕೂತಿರುತ್ತಾರೆ. ಅವರು ಹೊಸದಾಗಿ ಕೇಳಿ, ಹೊಸದಾಗಿ ಮತ ಹಾಕುತ್ತಾರೆ. ‘ಹೋದ ವರ್ಷವೇ ಒಪ್ಪಿದ್ದೆವಲ್ಲ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಇಷ್ಟು ನಿಧಾನ ಯಾಕೆ? ಆಲಸ್ಯವೇನೂ ಅಲ್ಲ. ಬೇಕೆಂದೇ ಹೀಗೆ ಕಟ್ಟಿದ್ದಾರೆ. ಈ ಸಂಜೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ. ತನ್ನ ಬಹುಮತದ ಮೇಲೆ ತಾನೇ ಅನುಮಾನ ಪಡುವ ಒಂದು ಸಭೆ ಹೇಗೆ ಕೆಲಸ ಮಾಡುತ್ತದೆ, ಅದರಿಂದ ಯಾರಿಗೆ ಲಾಭವಾಯಿತು, ಯಾರು ಕಾಯಬೇಕಾಯಿತು?

ಮೊದಲು ವ್ಯವಸ್ಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇದು ಪ್ರೆಸ್ಬಿಟೇರಿಯನ್ ಚರ್ಚು. ಇಲ್ಲಿ ಬಿಷಪ್ ಇಲ್ಲ. ಸ್ಥಳೀಯ ಸಭೆಯನ್ನು ನೋಡಿಕೊಳ್ಳುವುದು ಕರ್ಕ್ ಸೆಷನ್, ಅಂದರೆ ಪಾದ್ರಿಯೂ ಹಿರಿಯರೂ ಕೂಡಿದ ಮಂಡಳಿ. ಹಿರಿಯರೆಂದರೆ ವಯಸ್ಸಾದವರು ಎಂದಲ್ಲ. ಮೇಷ್ಟ್ರು, ವಕೀಲರು, ರೈತರು ಯಾರಾದರೂ ಆಗಬಹುದು, ಅಭಿಷೇಕ ಪಡೆದಿರಬೇಕು ಅಷ್ಟೆ. ಒಂದು ಪ್ರದೇಶದ ಸಭೆಗಳೆಲ್ಲ ಸೇರಿದರೆ ಪ್ರೆಸ್ಬಿಟರಿ. ಅದರ ಮೇಲೆ ಜನರಲ್ ಅಸೆಂಬ್ಲಿ. ನಡುವೆ ಸಿನೊಡ್ ಎಂಬ ಇನ್ನೊಂದು ಮೆಟ್ಟಿಲು ಇತ್ತು, 1990ರ ದಶಕದಲ್ಲಿ ತೆಗೆದುಹಾಕಿದರು. ಈ ಮೂರನ್ನೂ ಅವರು ಚರ್ಚಿನ ‘ನ್ಯಾಯಾಲಯ’ಗಳು ಎಂದೇ ಕರೆಯುತ್ತಾರೆ. ಇದು ಬರೀ ಅಲಂಕಾರದ ಮಾತಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಅಸೆಂಬ್ಲಿಗೆ ಬರುವವರು ಕಮಿಷನರ್‌ಗಳು. ಅವರನ್ನು ಪ್ರೆಸ್ಬಿಟರಿಗಳು ಕಳಿಸುತ್ತವೆ. ಒಂದು ಕಾಲದಲ್ಲಿ ಎಂಟುನೂರು ದಾಟುತ್ತಿದ್ದರು, ಈಗ ಕಡಿಮೆ. ಪಾದ್ರಿಗಳು ಎಷ್ಟೋ ಹಿರಿಯರೂ ಅಷ್ಟೇ. ಧರ್ಮಶಾಸ್ತ್ರ ಓದಿದ ಪಾದ್ರಿಯ ಮತಕ್ಕೂ ಕುರಿ ಸಾಕುವ ಹಿರಿಯನ ಮತಕ್ಕೂ ಒಂದೇ ತೂಕ. ಇನ್ನೊಂದು ವಿಚಾರ ಗಮನಿಸಿ. ಕಮಿಷನರ್ ತನ್ನ ಊರಿನ ಪ್ರತಿನಿಧಿಯಲ್ಲ. ‘ಹೀಗೇ ಮತ ಹಾಕಿ ಬಾ’ ಎಂದು ಪ್ರೆಸ್ಬಿಟರಿ ಅವನ ಕೈ ಕಟ್ಟುವಂತಿಲ್ಲ. ಅಲ್ಲಿಗೆ ಹೋಗಿ, ವಾದ ಕೇಳಿ, ಪ್ರಾರ್ಥಿಸಿ, ತನ್ನ ಮನಸ್ಸಾಕ್ಷಿಗೆ ತೋಚಿದ್ದನ್ನು ಮಾಡಬೇಕು. ಮೊದಲೇ ನಿರ್ಧಾರ ಕಟ್ಟಿಕೊಂಡು ಬರುವುದಾದರೆ ಸಭೆ ಸೇರುವುದಾದರೂ ಯಾಕೆ ಎಂಬುದು ಅವರ ತರ್ಕ.

ಸೇರುವುದು ಎಡಿನ್‌ಬರೋದಲ್ಲಿ, ಮೌಂಡ್ ಎಂಬ ದಿಬ್ಬದ ಮೇಲಿರುವ ಅಸೆಂಬ್ಲಿ ಹಾಲ್‌ನಲ್ಲಿ. ಅಂಗಳದಲ್ಲಿ, ಈ ಚರ್ಚಿಗೆ ಬುನಾದಿ ಹಾಕಿದ ಸುಧಾರಕ ಜಾನ್ ನಾಕ್ಸ್‌ನ ಪ್ರತಿಮೆ ಇದೆ. 1999ರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಪಾರ್ಲಿಮೆಂಟ್ ಸಿಕ್ಕಿದಾಗ ಅದಕ್ಕಿನ್ನೂ ಸ್ವಂತ ಕಟ್ಟಡ ಇರಲಿಲ್ಲ. 2004ರವರೆಗೆ ಅದು ಸೇರುತ್ತಿದ್ದದ್ದು ಹೆಚ್ಚಾಗಿ ಇದೇ ಹಾಲ್‌ನಲ್ಲಿ. ಆ ದೇಶದಲ್ಲಿ ಶತಮಾನಗಳ ಕಾಲ ಪಾರ್ಲಿಮೆಂಟೇ ಇರಲಿಲ್ಲವಲ್ಲ, ಆಗೆಲ್ಲ ಜನರ ದನಿಗೆ ಇದ್ದ ಒಂದು ರಾಷ್ಟ್ರೀಯ ವೇದಿಕೆ ಈ ಅಸೆಂಬ್ಲಿಯೇ.

ಹಾಲ್‌ನ ಕುರ್ಚಿಗಳ ವ್ಯವಸ್ಥೆಯೇ ಒಂದು ಪಾಠ. ಮಧ್ಯದಲ್ಲಿ ಮಾಡರೇಟರ್. ಅವರ ಅವಧಿ ಒಂದೇ ವರ್ಷ. ಅವರು ಚರ್ಚಿನ ಮುಖ್ಯಸ್ಥರಲ್ಲ, ಸಭೆ ನಡೆಸುವವರು. ವರ್ಷ ಮುಗಿದರೆ ಮತ್ತೆ ತಮ್ಮ ಊರಿನ ಪಾದ್ರಿ, ಇಲ್ಲವೇ ಹಿರಿಯರು. 2004ರಲ್ಲಿ ಅಲಿಸನ್ ಎಲಿಯಟ್ ಎಂಬ ಹಿರಿಯರು ಮಾಡರೇಟರ್ ಆದರು. ಆ ಪೀಠದಲ್ಲಿ ಕೂತ ಮೊದಲ ಹೆಂಗಸು ಅವರು, ಪಾದ್ರಿಯೂ ಅಲ್ಲ. ಮಾಡರೇಟರ್ ಎದುರಿಗೆ ಗುಮಾಸ್ತರ ಮೇಜು, ಅಲ್ಲಿ ಪ್ರಿನ್ಸಿಪಲ್ ಕ್ಲರ್ಕ್, ಪಕ್ಕದಲ್ಲಿ ಚರ್ಚಿನ ವಕೀಲರು. ನಿಯಮದ ಸಂದೇಹ ಬಂದರೆ ಎಲ್ಲರ ಕಣ್ಣೂ ಈ ಮೇಜಿನ ಕಡೆಗೆ.

ಇನ್ನು ರಾಜ. ರಾಜನ ಪ್ರತಿನಿಧಿಯಾಗಿ ಲಾರ್ಡ್ ಹೈ ಕಮಿಷನರ್ ಎಂಬವರು ಬರುತ್ತಾರೆ. ಅವರಿಗೆ ಮೇಲೆ ಒಂದು ಗ್ಯಾಲರಿ, ಅದಕ್ಕೆ ಪ್ರತ್ಯೇಕ ಬಾಗಿಲು. ಲೆಕ್ಕಕ್ಕೆ ಆ ಗ್ಯಾಲರಿ ಅಸೆಂಬ್ಲಿಯ ಹೊರಗಿದೆ. ರಾಜಪ್ರತಿನಿಧಿ ಸಭೆಯನ್ನು ನೋಡಬಹುದು, ಶುಭ ಕೋರಬಹುದು. ಚರ್ಚೆಯಲ್ಲಿ ಬಾಯಿ ಹಾಕುವಂತಿಲ್ಲ, ಮತವಂತೂ ಇಲ್ಲ. ಕೊನೆಯ ದಿನ ಮುಂದಿನ ವರ್ಷದ ದಿನಾಂಕವನ್ನು ಮಾಡರೇಟರ್ ಕ್ರಿಸ್ತನ ಹೆಸರಿನಲ್ಲಿ ಘೋಷಿಸುತ್ತಾರೆ. ಲಾರ್ಡ್ ಹೈ ಕಮಿಷನರ್ ಅದೇ ದಿನಾಂಕವನ್ನು ರಾಜನ ಹೆಸರಿನಲ್ಲಿ ಘೋಷಿಸುತ್ತಾರೆ. ಇಬ್ಬರ ಮರ್ಯಾದೆಯೂ ಉಳಿಯಿತು! ಈ ಜಾಣತನದ ಹಿಂದೆ ಒಂದು ಹಳೆಯ ಜಗಳವಿದೆ. 1638ರಲ್ಲಿ ಗ್ಲಾಸ್ಗೋದಲ್ಲಿ ಅಸೆಂಬ್ಲಿ ಸೇರಿದ್ದಾಗ ರಾಜನ ಕಮಿಷನರ್ ಹ್ಯಾಮಿಲ್ಟನ್ ‘ಸಭೆ ವಿಸರ್ಜನೆಯಾಯಿತು’ ಎಂದು ಹೇಳಿ ಎದ್ದು ಹೋದ. ಸಭೆ ಏಳಲಿಲ್ಲ. ಅಲೆಕ್ಸಾಂಡರ್ ಹೆಂಡರ್ಸನ್ ಮಾಡರೇಟರ್. ಕೂತಲ್ಲೇ ಕೂತು, ಬಿಷಪ್‌ಗಳನ್ನೆಲ್ಲ ಪದಚ್ಯುತಗೊಳಿಸಿಯೇ ಅವರು ಎದ್ದದ್ದು.

ಗ್ಯಾಲರಿಯ ಮಾತು ಬಂತು, ಒಂದು ಉಪಕಥೆ. 1988ರ ಮೇ 21ರಂದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅಸೆಂಬ್ಲಿಯಲ್ಲಿ ಮಾತಾಡಿದರು. ದುಡಿದು ಸಂಪಾದಿಸುವುದರಲ್ಲಿ ತಪ್ಪಿಲ್ಲ, ಉದ್ಧಾರ ಎಂಬುದು ಒಬ್ಬೊಬ್ಬರಿಗೂ ಬಿಟ್ಟದ್ದು ಎಂಬ ಧಾಟಿಯ ಭಾಷಣ. ಅವರಿಗೆ ಮಾತಾಡಲು ಅವಕಾಶ ಕೊಡುವುದಕ್ಕೇ ಕೆಲವು ಪಾದ್ರಿಗಳು ಮೊದಲೇ ತಮ್ಮ ಭಿನ್ನಮತ ದಾಖಲಿಸಿದ್ದರು. ಭಾಷಣ ಮುಗಿಯಿತು. ಮಾಡರೇಟರ್ ಜೇಮ್ಸ್ ವೈಟ್ ಸೌಜನ್ಯದಿಂದ ಧನ್ಯವಾದ ಹೇಳಿ, ಚರ್ಚಿನ ಸಮಿತಿಗಳು ತಯಾರಿಸಿದ ಎರಡು ವರದಿಗಳನ್ನು ಅವರ ಕೈಗಿಟ್ಟರು. ಒಂದು ಬಡವರ ವಸತಿಯ ಬಗ್ಗೆ, ಇನ್ನೊಂದು ಬಡತನ ಮತ್ತು ಸಂಪತ್ತಿನ ಹಂಚಿಕೆಯ ಬಗ್ಗೆ. ಸ್ಕಾಟ್ಲೆಂಡಿನಲ್ಲಿ ಆ ಭಾಷಣದಷ್ಟೇ ಈ ಎರಡು ವರದಿಗಳ ಸುದ್ದಿಯೂ ಉಳಿದುಕೊಂಡಿದೆ.

ಸರಿ, ದಿನನಿತ್ಯದ ಕೆಲಸ ಹೇಗೆ ನಡೆಯುತ್ತದೆ? ಸಮಿತಿಗಳ ವರದಿಗಳೆಲ್ಲ ಮೊದಲೇ ಅಚ್ಚಾಗಿ ಕಮಿಷನರ್‌ಗಳ ಕೈ ಸೇರಿರುತ್ತವೆ. ಪ್ರತಿ ವರದಿಯ ಜೊತೆಗೆ ಅಂಶವಾರು ಠರಾವು ಇರುತ್ತದೆ: ‘ವರದಿಯನ್ನು ಸ್ವೀಕರಿಸಲಾಗಿದೆ’, ‘ಸರ್ಕಾರವನ್ನು ಹೀಗೆ ಒತ್ತಾಯಿಸಲಾಗಿದೆ’, ‘ಸಮಿತಿ ಮುಂದಿನ ವರ್ಷ ಇಂಥದ್ದನ್ನು ಪರಿಶೀಲಿಸತಕ್ಕದ್ದು’. ಅಸೆಂಬ್ಲಿ ಮತ ಹಾಕುವುದು ಈ ಠರಾವಿನ ಮೇಲೆ, ವರದಿಯ ಮೇಲಲ್ಲ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಸಣ್ಣದಲ್ಲ. ನಮ್ಮ ಸಹಕಾರ ಸಂಘದ ವಾರ್ಷಿಕ ಮಹಾಸಭೆ ನೆನಪು ಮಾಡಿಕೊಳ್ಳಿ. ಕಾರ್ಯದರ್ಶಿ ವರದಿ ಓದುತ್ತಾರೆ, ಯಾರೋ ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಎಲ್ಲರೂ ಊಟದ ಕಡೆ ನೋಡುತ್ತಿರುತ್ತಾರೆ. ವರದಿಯೊಳಗೆ ಏನೇನು ಒಪ್ಪಿದೆವು ಎಂಬುದು ಎರಡು ವರ್ಷದ ಮೇಲೆ ಬೆಳಕಿಗೆ ಬರುತ್ತದೆ. ಎಡಿನ್‌ಬರೋದಲ್ಲಿ ಠರಾವಿನ ಪ್ರತಿ ಅಂಶವನ್ನೂ ಬೇರೆ ಬೇರೆಯಾಗಿ ಹಿಡಿದು ಎಳೆಯಬಹುದು. ಯಾವ ಕಮಿಷನರ್ ಆದರೂ ತಿದ್ದುಪಡಿ ಬರೆದು ಗುಮಾಸ್ತರ ಮೇಜಿಗೆ ಕೊಡಬಹುದು, ಪೂರ್ತಿ ಎದುರಾದ ಗೊತ್ತುವಳಿಯನ್ನೂ ತರಬಹುದು. ಸೋತವರಿಗೂ ಒಂದು ಹಕ್ಕಿದೆ: ‘ನಾನು ಒಪ್ಪಿಲ್ಲ’ ಎಂದು ನಡಾವಳಿಯಲ್ಲಿ ಹೆಸರು ಬರೆಸಬಹುದು. ಈ ಕೊನೆಯ ಹಕ್ಕು ನನಗೆ ತುಂಬ ಇಷ್ಟ. ಬಹುಮತ ಗೆದ್ದಿತು ಸರಿ, ಆದರೆ ‘ಸರ್ವಾನುಮತದಿಂದ’ ಎಂದು ಸುಳ್ಳು ಬರೆದುಕೊಳ್ಳುವ ಹಾಗಿಲ್ಲ.

ಇಷ್ಟೂ ಅಭಿಪ್ರಾಯದ ಠರಾವುಗಳ ಮಾತು. ಚರ್ಚನ್ನೇ ಕಟ್ಟಿಹಾಕುವ ಶಾಶ್ವತ ಕಾನೂನಾದರೆ ದಾರಿ ಬೇರೆ. ಆ ದಾರಿಗೆ ಅಡ್ಡ ನಿಂತಿರುವುದು 1697ರ ಬ್ಯಾರಿಯರ್ ಆ್ಯಕ್ಟ್, ಅಂದರೆ ‘ಅಡ್ಡಗೋಡೆ ಕಾಯ್ದೆ’.

ಆ ಹೊತ್ತಿನ ಸ್ಕಾಟ್ಲೆಂಡನ್ನು ಸ್ವಲ್ಪ ಊಹಿಸಿಕೊಳ್ಳಿ. 1653ರಲ್ಲಿ ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್‌ನ ಸೈನಿಕರು ಅಸೆಂಬ್ಲಿಯನ್ನು ಎಬ್ಬಿಸಿ ಓಡಿಸಿದ ಮೇಲೆ 1690ರವರೆಗೆ ಅದು ಸೇರಲೇ ಇಲ್ಲ. ಆ ನಡುವೆ ಬಿಷಪ್‌ಗಳು ಮತ್ತೆ ಬಂದರು, ಮತ್ತೆ ಹೋದರು. ಒಂದೇ ತಲೆಮಾರಿನಲ್ಲಿ ಚರ್ಚು ಬುಡಮೇಲಾಗಿ, ಮತ್ತೆ ಬುಡಮೇಲಾಗಿತ್ತು. ಹಾಗೆ ಬದುಕಿ ಉಳಿದವರು ಮಾಡಿದ ನಿಯಮ ಇದು: ಇಡೀ ಚರ್ಚಿಗೆ ಅನ್ವಯಿಸುವ ಕಾನೂನನ್ನು ಅಸೆಂಬ್ಲಿ ಒಂದೇ ಸಲಕ್ಕೆ ಮಾಡುವಂತಿಲ್ಲ. ಪ್ರಸ್ತಾವ ಎಲ್ಲ ಪ್ರೆಸ್ಬಿಟರಿಗಳಿಗೂ ಹೋಗಬೇಕು. ಅವು ಚರ್ಚಿಸಿ ತಮ್ಮ ಅಭಿಪ್ರಾಯ ಕಳಿಸಬೇಕು. ಬಹುಪಾಲು ಪ್ರೆಸ್ಬಿಟರಿಗಳು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಬೇಕೆಂದರೆ ಮುಂದಿನ ಅಸೆಂಬ್ಲಿ ಅದನ್ನು ಕಾನೂನು ಮಾಡಬಹುದು. ಮಾಡಲೇಬೇಕೆಂದೇನೂ ಇಲ್ಲ.

ಹೀಗಾಗಿ ಹಾಲ್‌ನೊಳಗೆ ಕೂತವರ ಕೈಯಲ್ಲಿ ಅರ್ಧ ಅಧಿಕಾರ, ಹಾಲ್‌ಗೆ ಬಾರದೆ ಊರಲ್ಲಿ ಉಳಿದವರ ಕೈಯಲ್ಲಿ ಇನ್ನರ್ಧ. ಒಂದು ಒಳ್ಳೆಯ ಭಾಷಣಕ್ಕೆ ಕರಗಿ ಕೈ ಎತ್ತಿದವರ ನಿರ್ಧಾರವನ್ನು, ಆ ಭಾಷಣ ಕೇಳದೇ ಇದ್ದವರು ಚಳಿಗಾಲದ ಒಂದು ಸಂಜೆ ಯಾವುದೋ ಚರ್ಚ್ ಹಾಲ್‌ನಲ್ಲಿ ಕೂತು ತೂಗುತ್ತಾರೆ.

ಇದು ಯಾವಾಗಲೂ ಚರ್ಚನ್ನು ಉಳಿಸಿತೇ? ಇಲ್ಲ. 1843ರ ಕಥೆ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಆಗೆಲ್ಲ ಒಂದು ಊರಿಗೆ ಪಾದ್ರಿಯನ್ನು ಸೂಚಿಸುವ ಹಕ್ಕು ಆ ಊರಿನ ಜಮೀನ್ದಾರನಿಗೆ ಇರುತ್ತಿತ್ತು. 1834ರಲ್ಲಿ ಅಸೆಂಬ್ಲಿ ವೀಟೋ ಆ್ಯಕ್ಟ್ ತಂದಿತು: ಸಭೆಯ ಕುಟುಂಬ ಯಜಮಾನರಲ್ಲಿ ಬಹುಪಾಲು ಜನ ಬೇಡವೆಂದರೆ ಜಮೀನ್ದಾರ ಸೂಚಿಸಿದ ಪಾದ್ರಿ ಬರುವಂತಿಲ್ಲ. ಮೊದಲು ತಾತ್ಕಾಲಿಕವಾಗಿ ಜಾರಿಗೆ ತಂದು, ಪ್ರೆಸ್ಬಿಟರಿಗಳ ಒಪ್ಪಿಗೆಯನ್ನೂ ಪಡೆದರು. ಚರ್ಚಿನೊಳಗಿನ ವಿಧಿಯಲ್ಲಿ ಕುಂದೇನೂ ಇರಲಿಲ್ಲ. ಅಷ್ಟರಲ್ಲಿ ಆಕ್ಟರಾರ್ಡರ್ ಎಂಬ ಊರಿಗೆ ಒಬ್ಬ ಪಾದ್ರಿಯನ್ನು ಸೂಚಿಸಲಾಯಿತು. 330 ಕುಟುಂಬ ಯಜಮಾನರಲ್ಲಿ 287 ಮಂದಿ ಬೇಡವೆಂದರು. ಅವನ ಪರವಾಗಿ ಸಹಿ ಹಾಕಿದ್ದು ಊರಿನ ಇಬ್ಬರು. ಜಮೀನ್ದಾರ ಕೋರ್ಟಿಗೆ ಹೋದ, ಗೆದ್ದ. 1839ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಕೂಡ ಅದನ್ನೇ ಎತ್ತಿಹಿಡಿಯಿತು. ಚರ್ಚು ಎಷ್ಟು ಸಲ ಯೋಚಿಸಿ ಕಾನೂನು ಮಾಡಿದರೂ ದೇಶದ ಕಾನೂನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

1843ರ ಮೇ 18ರಂದು ಅಸೆಂಬ್ಲಿ ಸೇರಿದಾಗ ಮಾಡರೇಟರ್ ಡೇವಿಡ್ ವೆಲ್ಶ್ ಒಂದು ಪ್ರತಿಭಟನಾ ಪತ್ರ ಓದಿ, ಮೇಜಿನ ಮೇಲಿಟ್ಟು, ರಾಜಪ್ರತಿನಿಧಿಗೆ ತಲೆಬಾಗಿ ಹೊರನಡೆದರು. ಹಿಂದೆಯೇ ಈ ಬಣದ ಮುಂದಾಳು ಥಾಮಸ್ ಚಾಮರ್ಸ್, ಅವರ ಹಿಂದೆ ಸಾಲು ಸಾಲು ಜನ. ಬೀದಿಗಳನ್ನು ದಾಟಿ ಇಳಿಜಾರಿನ ಕೆಳಗಿದ್ದ ಟ್ಯಾನ್‌ಫೀಲ್ಡ್ ಹಾಲ್‌ಗೆ ಹೋಗಿ, ಚಾಮರ್ಸ್‌ರನ್ನು ಮಾಡರೇಟರ್ ಮಾಡಿಕೊಂಡು ಫ್ರೀ ಚರ್ಚ್ ಕಟ್ಟಿದರು. ಸುಮಾರು 1200 ಪಾದ್ರಿಗಳಲ್ಲಿ 474 ಮಂದಿ ಮನೆ, ಸಂಬಳ, ಚರ್ಚ್ ಕಟ್ಟಡ ಎಲ್ಲ ಬಿಟ್ಟರು. ಈಗಿನ ಅಸೆಂಬ್ಲಿ ಹಾಲ್ ಮೂಲತಃ ಹೀಗೆ ಎದ್ದು ಹೋದವರು ಕಟ್ಟಿಸಿಕೊಂಡದ್ದು. 1929ರಲ್ಲಿ ಎರಡು ಕವಲುಗಳು ಕೂಡಿಕೊಂಡ ಮೇಲೆ ಎಲ್ಲರದ್ದಾಯಿತು.

ಇದರ ಬಿಸಿ ನಮ್ಮ ದೇಶಕ್ಕೂ ತಟ್ಟಿತು. ಇಲ್ಲಿದ್ದ ಸ್ಕಾಟ್ ಮಿಷನರಿಗಳಾದ ಕಲ್ಕತ್ತೆಯಲ್ಲಿ ಅಲೆಕ್ಸಾಂಡರ್ ಡಫ್, ಬೊಂಬಾಯಿಯಲ್ಲಿ ಜಾನ್ ವಿಲ್ಸನ್, ಮದರಾಸಿನಲ್ಲಿ ಜಾನ್ ಆಂಡರ್ಸನ್ ಮೂವರೂ ಫ್ರೀ ಚರ್ಚಿನ ಕಡೆ ನಿಂತರು. ಡಫ್ ತಾನು ಕಟ್ಟಿ ಬೆಳೆಸಿದ ಕಾಲೇಜಿನ ಕಟ್ಟಡವನ್ನೇ ಬಿಟ್ಟು ಬೇರೆಡೆ ಮೊದಲಿನಿಂದ ಶುರುಮಾಡಬೇಕಾಯಿತು. ಎಡಿನ್‌ಬರೋದ ಒಂದು ಮಧ್ಯಾಹ್ನದ ನಿರ್ಧಾರಕ್ಕೆ ಕಲ್ಕತ್ತೆಯ ಹುಡುಗರು ತರಗತಿ ಬದಲಾಯಿಸಿದರು. ಇತ್ತ ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಕೆಂಪು ಬಣ್ಣದ ಸೇಂಟ್ ಆಂಡ್ರೂಸ್ ಚರ್ಚ್ ನೋಡಿರುತ್ತೀರಿ. 1860ರ ದಶಕದಲ್ಲಿ ಸ್ಕಾಟ್ ಪ್ರೆಸ್ಬಿಟೇರಿಯನ್ನರಿಗಾಗಿಯೇ ಕಟ್ಟಿದ್ದು ಅದು. ಇವತ್ತು ಸಿಎಸ್ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾಕ್ಕೆ ಸೇರಿದ ಚರ್ಚು.

ಸಿಎಸ್ಐ ಮಾತು ಬಂದದ್ದರಿಂದ, ಪ್ರೆಸ್ಬಿಟರಿಗಳನ್ನು ಕೇಳುವ ಈ ಪದ್ಧತಿ ಇನ್ನೊಂದು ಪ್ರಸ್ತಾವಕ್ಕೆ ಏನು ಮಾಡಿತು ನೋಡಿ. 1957ರಲ್ಲಿ, ಇಂಗ್ಲೆಂಡಿನ ಆಂಗ್ಲಿಕನ್ನರ (ಬಿಷಪ್‌ಗಳಿರುವ ಅಲ್ಲಿನ ಚರ್ಚಿನವರ) ಜೊತೆ ಹತ್ತಿರವಾಗಲು ಸ್ಕಾಟ್ಲೆಂಡಿನ ಪ್ರೆಸ್ಬಿಟರಿಗಳೂ ಬಿಷಪ್‌ಗಳನ್ನು ಹೊಂದಬಹುದು ಎಂಬ ವರದಿ ಅಸೆಂಬ್ಲಿಗೆ ಬಂತು. ಅಸೆಂಬ್ಲಿ ಅದನ್ನು ತಳ್ಳಿಹಾಕದೆ ಪ್ರೆಸ್ಬಿಟರಿಗಳಿಗೆ ಕಳಿಸಿತು. ಪತ್ರಿಕೆಗಳು ಗದ್ದಲವೆಬ್ಬಿಸಿದವು. 1959ರಲ್ಲಿ ಪ್ರಸ್ತಾವ ಬಿತ್ತು. ಆದರೆ ಅದಕ್ಕೂ ಹನ್ನೆರಡು ವರ್ಷ ಮೊದಲೇ, 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಶನಲಿಸ್ಟರು, ಮೆಥಡಿಸ್ಟರು, ಆಂಗ್ಲಿಕನ್ನರು ಒಂದಾಗಿ ಬಿಷಪ್‌ಗಳಿರುವ ಒಂದೇ ಚರ್ಚು, ಅಂದರೆ ಈ ಸಿಎಸ್ಐಯನ್ನು, ಮಾಡಿಕೊಂಡಿದ್ದರು. ಮಕ್ಕಳು ಒಪ್ಪಿದ್ದನ್ನು ತಾಯಿ ಒಪ್ಪಲಿಲ್ಲ. ಆದರೂ ತಾಯಿಯ ಗುಣ ಸ್ವಲ್ಪ ಉಳಿದಿದೆ: ಸಿಎಸ್ಐ ಸಂವಿಧಾನದ ತಿದ್ದುಪಡಿಯೂ ಅದರ ಮಹಾಸಭೆಯಾದ ಸಿನೊಡ್‌ನ ಒಂದು ಮತದಿಂದ ಮುಗಿಯುವುದಿಲ್ಲ, ಡಯಾಸಿಸ್ (ಒಬ್ಬ ಬಿಷಪ್‌ನ ವ್ಯಾಪ್ತಿಯ ಪ್ರದೇಶ) ಕೌನ್ಸಿಲ್‌ಗಳ ಒಪ್ಪಿಗೆಗೆ ಬರಬೇಕು. ನಿಮ್ಮಲ್ಲಿ ಕೆಲವರು ಆ ಕೌನ್ಸಿಲ್‌ಗಳಲ್ಲಿ ಕೂತವರೇ ಇದ್ದೀರಿ.

ಈಗ ಕಾದವರ ಕಡೆಯಿಂದ ನೋಡೋಣ. 1963ರಲ್ಲಿ ಮೇರಿ ಲಸ್ಕ್ ಎಂಬ ಡೀಕನೆಸ್ (ಚರ್ಚಿನ ಸೇವೆಗೆ ನೇಮಕವಾದ, ಆದರೆ ಪಾದ್ರಿಯಲ್ಲದ ಹೆಂಗಸು) ಅಸೆಂಬ್ಲಿಯ ಮುಂದೆ ಬಂದು ನಿಂತರು. ಧರ್ಮಶಾಸ್ತ್ರ ಓದಿದವರು, ಬೋಧಿಸುವ ಅರ್ಹತೆ ಇದ್ದವರು. ಅವರ ಅರ್ಜಿ ಸರಳವಾಗಿತ್ತು: ದೇವರು ನನ್ನನ್ನು ಪಾದ್ರಿಯ ಕೆಲಸಕ್ಕೆ ಕರೆದಿದ್ದಾನೆಂದು ನಂಬಿದ್ದೇನೆ, ಆ ಕರೆಯನ್ನು ಪರೀಕ್ಷಿಸಿ ನನಗೆ ಅಭಿಷೇಕ ಮಾಡಿ. ಕಮಿಷನರ್ ಅಲ್ಲದ ಒಬ್ಬ ಹೆಂಗಸು ದೇಶದ ಅತ್ಯುನ್ನತ ಧಾರ್ಮಿಕ ಸಭೆಯ ಕಟಕಟೆಯಲ್ಲಿ ನಿಂತು ನೇರವಾಗಿ ಹೀಗೆ ಕೇಳಬಹುದು ಎಂಬುದೇ ಈ ವ್ಯವಸ್ಥೆಯ ಒಂದು ಹಿರಿಮೆ. ಕೇಳಿದ ಮೇಲೆ ನಡೆದದ್ದು ಇನ್ನೊಂದು ಮುಖ. ವಿಷಯ ಸಮಿತಿಗೆ ಹೋಯಿತು, ಸಮಿತಿ ವರದಿ ಕೊಟ್ಟಿತು, ಪ್ರೆಸ್ಬಿಟರಿಗಳಿಗೆ ಹೋಯಿತು. 1966ರಲ್ಲಿ ಹೆಂಗಸರು ಹಿರಿಯರಾಗಬಹುದು ಎಂದಾಯಿತು. 1968ರಲ್ಲಿ ಪಾದ್ರಿಗಳೂ ಆಗಬಹುದು ಎಂಬ ಕಾನೂನು ಬಂತು. ಅರ್ಜಿ ಹಾಕಿದ ಮೇರಿ ಅವರಿಗೇ ಅಭಿಷೇಕವಾದದ್ದು 1978ರಲ್ಲಿ. ಬ್ಯಾರಿಯರ್ ಆ್ಯಕ್ಟನ್ನು ಹೊಗಳುವವರು ಈ ವರ್ಷಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ನಾನಂತೂ ಸೇರಿಸುತ್ತೇನೆ. ಇನ್ನೊಂದು ಕಡೆ, ನಿಧಾನವಾಗಿ ಬಂದ ಆ ನಿರ್ಧಾರವನ್ನು ಮತ್ತೆ ಯಾರೂ ಕದಲಿಸಲಾಗಲಿಲ್ಲ ಎಂಬುದೂ ನಿಜ.

ಕೊನೆಯದಾಗಿ ನಮ್ಮ ಕಾಲದ ಪ್ರಕರಣ. ಅಸೆಂಬ್ಲಿ ನ್ಯಾಯಾಲಯವೂ ಹೌದು, ಶಾಸನಸಭೆಯೂ ಹೌದು ಎಂದೆನಲ್ಲ, ಅದರ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ. 2009ರಲ್ಲಿ ಅಬರ್ಡೀನ್‌ನ ಒಂದು ಸಭೆ ಸಲಿಂಗ ಸಂಗಾತಿಯೊಂದಿಗೆ ಬಾಳುತ್ತಿದ್ದ ಒಬ್ಬ ಪಾದ್ರಿಯನ್ನು ಆರಿಸಿಕೊಂಡಿತು. ಪ್ರೆಸ್ಬಿಟರಿ ಒಪ್ಪಿತು. ಒಪ್ಪದ ಕೆಲವು ಸದಸ್ಯರು ಅಸೆಂಬ್ಲಿಗೆ ದೂರು ಒಯ್ದರು. ಮೇ 23ರ ಶನಿವಾರ ಅಸೆಂಬ್ಲಿ ಮೇಲ್ಮನವಿ ನ್ಯಾಯಾಲಯವಾಗಿ ಕೂತು, ಎರಡೂ ಕಡೆಯ ವಾದ ಕೇಳಿ, 326–267 ಮತಗಳಿಂದ ಪ್ರೆಸ್ಬಿಟರಿಯ ನಿರ್ಧಾರವನ್ನು ಎತ್ತಿಹಿಡಿಯಿತು. ತೀರ್ಪು ಅಂದೇ ಜಾರಿ, ಅದಕ್ಕೆ ಬ್ಯಾರಿಯರ್ ಆ್ಯಕ್ಟ್ ಅಡ್ಡ ಬರುವುದಿಲ್ಲ. ಆದರೆ ಅದು ಒಬ್ಬ ಪಾದ್ರಿಯ, ಒಂದು ಸಭೆಯ ತೀರ್ಪು. ಚರ್ಚಿನ ಕಾನೂನು ಬದಲಾಗಲಿಲ್ಲ. ಇಂಥ ಹೊಸ ನೇಮಕಗಳನ್ನು ತಡೆಹಿಡಿದು ವಿಶೇಷ ಆಯೋಗವನ್ನು ನೇಮಿಸಿದರು.

2013ರಲ್ಲಿ ಆ ಚರ್ಚೆ ಮತ್ತೆ ಬಂದಾಗ ನಡೆದದ್ದು ನನಗೆ ಬಹಳ ಕುತೂಹಲದ ವಿಷಯ. ಆ ನಂತರ ನೇಮಿಸಿದ್ದ ಧರ್ಮಶಾಸ್ತ್ರ ಆಯೋಗ ಎರಡು ಸ್ಪಷ್ಟ ದಾರಿಗಳನ್ನು ಮುಂದಿಟ್ಟಿತ್ತು: ಬದಲಾಯಿಸಿ, ಅಥವಾ ಬದಲಾಯಿಸಬೇಡಿ. ಹಿಂದಿನ ವರ್ಷದ ಮಾಡರೇಟರ್ ಎದ್ದು ಮೂರನೆಯ ಗೊತ್ತುವಳಿ ತಂದರು. ಚರ್ಚಿನ ಸಾಂಪ್ರದಾಯಿಕ ನಿಲುವು ಹಾಗೆಯೇ ಇರಲಿ. ಅದರಿಂದ ಹೊರಬಂದು ಬೇರೆ ರೀತಿ ನಡೆದುಕೊಳ್ಳಲು ಇಷ್ಟಪಡುವ ಸಭೆಗಳಿಗೆ ಅವಕಾಶವಿರಲಿ. ತರ್ಕಶಾಸ್ತ್ರಜ್ಞರಿಗೆ ತಲೆನೋವು. ಅಸೆಂಬ್ಲಿ ಆರಿಸಿಕೊಂಡಿದ್ದು ಅದನ್ನೇ. ಎರಡೂ ಕಡೆಯವರು ಬೈದರು. ನನಗನ್ನಿಸುವಂತೆ, ಅಂದು ಆ ಹಾಲ್‌ನಲ್ಲಿ 1843 ಯಾರಿಗೂ ಮರೆತಿರಲಿಲ್ಲ.

ಅಲ್ಲಿಂದ ಮುಂದೆ ಶಾಸನದ ದಾರಿ. 2014ರಲ್ಲಿ ಪ್ರಸ್ತಾವ ಕೆಳಗೆ ಹೋಯಿತು. 31 ಪ್ರೆಸ್ಬಿಟರಿಗಳು ಒಪ್ಪಿದವು, 14 ಒಪ್ಪಲಿಲ್ಲ. 2015ರ ಅಸೆಂಬ್ಲಿ 309–182ರಿಂದ ಕಾನೂನು ಮಾಡಿತು. ಚರ್ಚಿನಲ್ಲಿ ಸಲಿಂಗ ವಿವಾಹ ನಡೆಸಬಹುದೇ ಎಂಬ ಪ್ರಶ್ನೆಯೂ ಇದೇ ದಾರಿಯಲ್ಲಿ ನಡೆಯಿತು. 29 ಪ್ರೆಸ್ಬಿಟರಿಗಳು ಒಪ್ಪಿ 12 ವಿರೋಧಿಸಿದ ಮೇಲೆ, 2022ರ ಮೇ 23ರಂದು ಅಸೆಂಬ್ಲಿ 274–136ರಿಂದ ಒಪ್ಪಿತು. ಆ ಕಾನೂನು ಯಾವ ಪಾದ್ರಿಯನ್ನೂ ಒತ್ತಾಯಿಸುವುದಿಲ್ಲ. ನಡೆಸಿಕೊಡಲು ಮನಸ್ಸಿರುವವರು ತಾವೇ ಮುಂದೆ ಬಂದು ಅರ್ಜಿ ಹಾಕಬೇಕು.

ಈ ಸಂಖ್ಯೆಗಳಲ್ಲಿ ಒಂದು ತಮಾಷೆ ಇದೆ, ಗಮನಿಸಿದಿರಾ? ಬ್ಯಾರಿಯರ್ ಆ್ಯಕ್ಟ್‌ನಲ್ಲಿ ಎಣಿಸುವುದು ಪ್ರೆಸ್ಬಿಟರಿಗಳನ್ನು, ತಲೆಗಳನ್ನಲ್ಲ. ದೊಡ್ಡ ನಗರ ಗ್ಲಾಸ್ಗೋದ ಪ್ರೆಸ್ಬಿಟರಿಗೂ ಒಂದೇ ಮತ, ದ್ವೀಪವೊಂದರ ಬೆರಳೆಣಿಕೆಯ ಸಭೆಗಳ ಪ್ರೆಸ್ಬಿಟರಿಗೂ ಒಂದೇ ಮತ. ದೂರದ, ಸಣ್ಣ, ಸಂಪ್ರದಾಯಸ್ಥ ಊರುಗಳಿಗೆ ಇದೊಂದು ರಕ್ಷಣೆಯಾಗಿತ್ತು. ಈಗ ಸದಸ್ಯರೂ ಕಡಿಮೆ, ಪಾದ್ರಿಗಳೂ ಕಡಿಮೆ. ಹಾಗಾಗಿ ನಲವತ್ತಕ್ಕೂ ಹೆಚ್ಚಿದ್ದ ಪ್ರೆಸ್ಬಿಟರಿಗಳನ್ನು ಒಂದರಲ್ಲೊಂದು ಸೇರಿಸಿ ಹನ್ನೆರಡರ ಆಸುಪಾಸಿಗೆ ತರುವ ಕೆಲಸ ಶುರುವಾಯಿತು. ಖರ್ಚು ಉಳಿಸಲು, ಆಡಳಿತ ಹಗುರ ಮಾಡಲು ಎಂದು ಕಾರಣ ಕೊಟ್ಟರು. ಕಾರಣ ಸರಿಯೇ ಇದೆ. ಆದರೆ ಹನ್ನೆರಡರಲ್ಲಿ ಏಳು ‘ಹೌದು’ ಎಂದರೆ ಸಾಕು ಎಂದಾದಾಗ, ಮೊದಲು ಪ್ರತ್ಯೇಕವಾಗಿ ‘ಬೇಡ’ ಎನ್ನಲು ಆಗುತ್ತಿದ್ದ ಊರುಗಳು ದೊಡ್ಡ ಪ್ರೆಸ್ಬಿಟರಿಯೊಳಗಿನ ಅಲ್ಪಮತವಾಗುತ್ತವೆ. 1697ರ ಕಾಯ್ದೆಯ ಒಂದಕ್ಷರವನ್ನೂ ಬದಲಾಯಿಸಬೇಕಿಲ್ಲ. ಎಣಿಸುವ ಘಟಕ ಬದಲಾದರೆ ಅಡ್ಡಗೋಡೆಯ ಎತ್ತರವೂ ಬದಲಾಗುತ್ತದೆ. ಆಡಳಿತ ಸುಧಾರಣೆ ಎಂಬ ತಲೆಬರಹದ ಕೆಳಗೆ ಬಂದದ್ದರಿಂದ, ಇದು ಬಿಷಪ್‌ಗಳ ಪ್ರಶ್ನೆಯಷ್ಟು ಗದ್ದಲ ಎಬ್ಬಿಸಲಿಲ್ಲ.